ವಸಿಷ್ಠರ ಗಡ್ಡ

ನಾಟಕದ ಋಷಿಗಳಿಗೆ ಗಡ್ಡ ಕಟ್ಟುವುದೇ ಗಡ್ಡದಯ್ಯನ ಕಸುಬು. ಅವನ ಅಣ್ಣನದು ಕ್ಷೌರದಂಗಡಿ. "ಅಣ್ಣ ಬೋಳಿಸಿದ್ದನ್ನ ತಮ್ಮ ಅಂಟಿಸ್ತಾನೆ" ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ. ದೂರ್ವಾಸರದು ಮುಳ್ಳಿನಂತೆ ಸೆಟೆದ ಗಡ್ಡ. ಅರಸನಾಗಿ ಹುಟ್ಟಿ ತಪಸ್ಸಿಗೆ ಕೂತ ವಿಶ್ವಾಮಿತ್ರರದು ಮೀಸೆಯ ಗತ್ತು ಬಿಡದ ಗಡ್ಡ. ವಸಿಷ್ಠರದು ಎದೆಯ ಮೇಲೆ ತಣ್ಣಗೆ ಮಲಗಿದ ಬಿಳಿ ಗಡ್ಡ. ಋಷಿಯ ಗುಣ ತಿಳಿಯದೆ ಅವನು ಒಂದೆಳೆ ನಾರು ಮುಟ್ಟಿದವನಲ್ಲ.

ವಸಿಷ್ಠರ ಪಾತ್ರ ಯಾವತ್ತೂ ಅಣ್ಣನದೇ. ಒಬ್ಬನೇ ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ಅಣ್ಣ ಅಂಗಡಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಈ ಸಲ ಕಾಡಿ ಬೇಡಿ ಕರೆತಂದವನು ಗಡ್ಡದಯ್ಯ. ನಾಟಕವೋ, ಮಕ್ಕಳನ್ನೆಲ್ಲ ಕಳೆದುಕೊಂಡ ವಸಿಷ್ಠರು, ಅವರನ್ನು ಕೊಲ್ಲಿಸಿದ ವಿಶ್ವಾಮಿತ್ರರ ಎದುರೇ ಶಾಪ ನುಂಗಿ ಕೂರುವ ಕಥೆ.

"ಏನಯ್ಯಾ, ಗಡ್ಡದೊಳಗೆ ಜಿರಲೆ ಸಾಕಿದೀಯಾ? ಒಂದೇ ಸಮ ತುರಿಸ್ತಿದೆ" ಎಂದ, ವಿಶ್ವಾಮಿತ್ರನಾಗಿದ್ದ ಬೇಕರಿಯವನು.

"ರಾಜ್ಯ ಬಿಟ್ಟು ಬಂದವನಿಗೆ ತುರಿಕೆ ದೊಡ್ಡದೇನಪ್ಪಾ? ಸುಮ್ನಿರು."

ಅಣ್ಣ ಕನ್ನಡಿ ನೋಡುತ್ತ, "ಆ ಗೋಂದು ಬೇಡ ಕಣೋ, ಚರ್ಮ ಉರಿಯುತ್ತೆ" ಎಂದ. ಗಡ್ಡದಯ್ಯ ಮೈದಾ ಅಂಟು ಹಚ್ಚಿದ. ನೀರು ತಾಗಿದರೆ ಅದು ಬಿಟ್ಟುಕೊಳ್ಳುತ್ತದೆ, ನಿಜ. ಆದರೆ ವಸಿಷ್ಠರು ಅಳುವವರಲ್ಲವಲ್ಲ!

ಪರದೆ ಎದ್ದಿತು. ಮಕ್ಕಳು ಸತ್ತ ಸುದ್ದಿ ಬಂತು. ಅಣ್ಣ ಆಡಬೇಕಾದ ಮಾತು ಆಡಲಿಲ್ಲ. ಕಣ್ಣಿಂದ ನೀರು ಇಳಿಯಿತು, ಕೆನ್ನೆ ದಾಟಿತು. ಪಕ್ಕದ ಮರೆಯಲ್ಲಿ ನಿಂತ ಗಡ್ಡದಯ್ಯ ಕತ್ತು ಚಾಚಿ ನೋಡಿದ. ಎಡಗೆನ್ನೆಯಲ್ಲಿ ಗಡ್ಡದ ಅಂಚು ಎದ್ದಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಂಥ ಹೊತ್ತಲ್ಲಿ ಜನ ನಕ್ಕರೆ ಅಣ್ಣ ಮತ್ತೆ ಯಾರಿಗೂ ಮುಖ ತೋರಿಸುವವನಲ್ಲ. "ಗಲ್ಲಕ್ಕೆ ಕೈ ಕೊಡಣ್ಣಾ" ಎಂದು ಪಿಸುಗುಟ್ಟಿದ. ಅಣ್ಣನಿಗೆ ಕೇಳಲಿಲ್ಲ. ಪರದೆ ಇಳಿಸೋಣವೆಂದರೆ ಕಥೆ ಅರ್ಧಕ್ಕೆ ಸಾಯುತ್ತದೆ. ಆದರೂ ಹಗ್ಗಕ್ಕೆ ಕೈ ಹಾಕಿದ.

ಗಡ್ಡ ಕಳಚಿ ತೊಡೆಯ ಮೇಲೆ ಬಿತ್ತು.

ಜಟೆಯ ಕೆಳಗೆ ಬೀದಿಗೆಲ್ಲ ಗೊತ್ತಿದ್ದ ಬೋಳು ಮುಖ. ಬೇಕರಿಯವನು ಅಟ್ಟಹಾಸ ಮಾಡಬೇಕಿತ್ತು. ಬಾಯಿ ತೆರೆದವನು ಹಾಗೇ ನಿಂತ. ಅಣ್ಣ ಗಡ್ಡವನ್ನು ಎತ್ತಿಕೊಳ್ಳಲಿಲ್ಲ. ವಿಶ್ವಾಮಿತ್ರನ ಮುಖವನ್ನೇ ನೋಡುತ್ತ, "ಶಪಿಸೋದಿಲ್ಲ. ಹೋಗು, ನಿನ್ನ ಮಕ್ಕಳು ಚೆನ್ನಾಗಿರಲಿ" ಎಂದ. ಇಂಥ ಮಾತು ನಾಟಕದಲ್ಲಿರಲಿಲ್ಲ.

ನಗು ಈಗ ಬಂತು, ಇನ್ನೇನು ಬಂತು ಎಂದು ಗಡ್ಡದಯ್ಯ ಕಿವಿ ನಿಮಿರಿಸಿ ನಿಂತ. ಒಬ್ಬರೂ ನಗಲಿಲ್ಲ. ಆದರೂ ಅವನು ಹಗ್ಗದಿಂದ ಕೈ ತೆಗೆಯಲಿಲ್ಲ.