ಮುನಿಯಮ್ಮ ಎತ್ತಿಟ್ಟ ಹಿಡಿ ಅಕ್ಕಿ

ಹೋದ ವರ್ಷ ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ಗುರುವಾರ, ಚಿನ್ನದ ಗಣಿಯ ಊರಿಗಾಂ ಲೈನಿನ ನಮ್ಮ ಮನೆಯಲ್ಲಿ ಕಜ್ಜಾಯಕ್ಕೆ ಬೆಲ್ಲದ ಪಾಕ ಕಾಯಿಸುತ್ತಿದ್ದೆ. ಸಭೆಯ ಉಪದೇಶಿಗಳು ಬಾಗಿಲಲ್ಲೇ ನಿಂತು, "ಅಮ್ಮಾ, ಹಬ್ಬದ ದಿನ ನಿಮ್ಮ ಮೊಮ್ಮಗನಿಗೆ ದೀಕ್ಷಾಸ್ನಾನ ಆಗೋದಿಲ್ಲ" ಎಂದರು. ತಾಯಿ ಇನ್ನೂ ವಿಶ್ವಾಸಕ್ಕೆ ಬಂದಿಲ್ಲ, ಬಾಗಿಲಿಗೆ ರಂಗೋಲಿ ಬೇರೆ ಇಡುತ್ತಾಳೆ, ಅವಿಶ್ವಾಸಿಗಳ ಜೊತೆ ಸೇರಬಾರದೆಂದು ಅಪೊಸ್ತಲನೇ ಬರೆದಿದ್ದಾನಲ್ಲ ಎಂದರು.

ಪಾಕ ಸೀಯಲಿಲ್ಲ. ಅದೊಂದು ಕೃಪೆ. ಹಿಟ್ಟು ಕಲಸಿ ಮುಚ್ಚಿಟ್ಟೆ.

ನನ್ನ ಸೊಸೆ ಮುನಿಯಮ್ಮ ಬಂಗಾರಪೇಟೆ ಕಡೆಯ ಹಳ್ಳಿಯವಳು, ಮಗ ಮೆಚ್ಚಿ ತಂದವಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ದೇವಾಲಯದಾಗೆ ಬಾಗಿಲತಾವ ನನ್ನ ಕೂರ್ಸಿದ್ರಿ, ಕೂತೆ. ನನ್ ಮಗೀನ ಬ್ಯಾಡ ಅಂದ್ಮೇಲೆ ಎಂಗಿರ್ಲಿ ಅತ್ತೆ?" ಎಂದಳು. ಬಂದು ಕರೆದುಕೊಂಡು ಹೋಗುವಂತೆ ಹಾಲಿನವನ ಕೈಲಿ ತನ್ನ ಅಪ್ಪನಿಗೆ ಹೇಳಿ ಕಳಿಸಿದಳು. ಮಗ ಬೇಡಿಕೊಂಡರೂ ಕೇಳಲಿಲ್ಲ.

ಪ್ರಾರ್ಥನೆಗೆ ಮೊಣಕಾಲೂರಿದರೆ ಮನಸ್ಸು ನಿಲ್ಲುತ್ತಿರಲಿಲ್ಲ. ಎದ್ದು, ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುತ್ತಿದ್ದೆ. "ಕರ್ತನೇ, ಮಗು ಇಲ್ಲೇ ಇರಲಿ, ತಾಯಿಯೂ ಇರಲಿ" ಎಂದಷ್ಟೇ ಬಾಯಿಗೆ ಬರುತ್ತಿತ್ತು. ಸತ್ಯವೇದ ತೆರೆಯಲು ಭಯ. ಅದರಲ್ಲೂ ಬೇಡವೆಂದೇ ಇದ್ದರೆ?

ಶನಿವಾರ ಬೀಗರು ಬಂದರು. ಮಗ ಗಣಿಯೊಳಗಿದ್ದ. ಮುನಿಯಮ್ಮ ಮೂಟೆ ಕಟ್ಟಿದಳು. ಅಷ್ಟರಲ್ಲಿ ಉಪದೇಶಿಗಳ ಹೆಂಡತಿ ಸಾರಮ್ಮ ಚೀಲ ಹಿಡಿದು ಬಂದರು. ನಮ್ಮ ಸಭೆಯ ಮನೆಗಳಲ್ಲಿ ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ದೇವರಿಗೆಂದು ಎತ್ತಿಡುತ್ತೇವೆ. ಉಪದೇಶಿಗಳ ಮನೆ ನಡೆಯುವುದೇ ಅದರಿಂದ.

ನನಗೆ ಅಂದು ಅಕ್ಕಿಯ ನೆನಪೇ ಇರಲಿಲ್ಲ. ಮುನಿಯಮ್ಮನೇ ಮಗುವನ್ನು ತನ್ನಪ್ಪನ ಕೈಗೆ ಕೊಟ್ಟು, ಆ ಅಕ್ಕಿಯ ಗಡಿಗೆ ತಂದು ಚೀಲಕ್ಕೆ ಸುರಿದಳು.

"ಓಗೋಳು ನೀನ್ಯಾಕೆ ತಂದ್ಯೇ?" ಎಂದರು ಸಾರಮ್ಮ.

"ಈ ವಾರದ್ದು ಕಣಕ್ಕಾ. ದೇವ್ರಿಗೆ ಅಂತ ಎತ್ತಿಟ್ಟಿದ್ದು, ಮನೇಲಿ ಉಳೀಬಾರ್ದು."

"ದಿನಾ ಎತ್ತಿಡೋಳು ನೀನಾ?"

"ಅಡಿಗೆ ಮಾಡೋಳು ನಾನೇ ಅಲ್ವಾ" ಎಂದಳು.

ಅವಳಿಗೆ ಎತ್ತಿಡು ಎಂದು ನಾನು ಹೇಳಿದವಳೇ ಅಲ್ಲ. ನಾನು ಮಾಡುತ್ತಿದ್ದುದನ್ನು ನೋಡಿ ಕಲಿತಿದ್ದಳು. ಸಾರಮ್ಮ ಚೀಲದ ಬಾಯಿ ಕಟ್ಟದೆಯೇ ಹೊರಟುಹೋದರು.

ಬೀಗರು ರೈಲಿಗೆ ಹೊತ್ತಾಯಿತೆಂದು ಚಡಪಡಿಸಿದರು. ಮಗು ಅಳತೊಡಗಿತು. ಹಾಲು ಕುಡಿಸಲು ಮುನಿಯಮ್ಮ ಕುಳಿತಳು. ಅದೂ ಒಂದು ಕೃಪೆ, ಏಕೆಂದರೆ ಆ ಹೊತ್ತಿಗೆ ಉಪದೇಶಿಗಳು ಬೆವರುತ್ತಾ ಬಂದರು, ಹಿಂದೆಯೇ ಸಾರಮ್ಮ.

"ಇವರಿಗೆ ಇವತ್ತು ಒಲೆ ಅಚ್ಚಿಲ್ಲ ಕಣಮ್ಮಾ," ಎಂದರು ಸಾರಮ್ಮ. "ಅವಳ ಕೈ ಅಕ್ಕಿ ಉಣ್ಣಾಕೆ ಆಯ್ತದೆ, ಅವಳ ಮಗೀಗೆ ನೀರಾಕಾಕೆ ಆಗಾಕಿಲ್ವಾ ಅಂದೆ."

ಉಪದೇಶಿಗಳು ಪುಸ್ತಕ ತೆರೆದರು. ಗಂಡ ಹೆಂಡಿರಲ್ಲಿ ಒಬ್ಬರು ನಂಬಿದವರಾದರೂ ಮಕ್ಕಳು ಪವಿತ್ರರೇ ಎಂದು ಅದೇ ಅಪೊಸ್ತಲನು ಬರೆದಿರುವುದನ್ನು ಓದಿ ತಿಳಿಸಿದರು. "ಇದು ನನಗೆ ಗೊತ್ತಿತ್ತಮ್ಮಾ, ಈ ಮನೆಗೆ ಅಂತ ಓದಿರಲಿಲ್ಲ. ಹಬ್ಬದ ದಿನ ಮಗೂನ ಕರ್ಕೊಂಡು ಬಾ" ಎಂದು ಮುನಿಯಮ್ಮನಿಗೇ ಹೇಳಿದರು.

ಬೀಗರು, "ಅಂಗಾದ್ರೆ ಮೂಟೆ ಬಿಚ್ಚೋದಾ? ಬೇಗ ಒಂದ್ಮಾತು ಏಳಿ ಸ್ವಾಮಿ, ನಂದೊಂದು ಟಿಕೀಟಾದ್ರೂ ತಗಂತೀನಿ" ಎಂದರು. ಮುನಿಯಮ್ಮ ನನ್ನ ಮುಖ ನೋಡಿದಳು. ಆಮೇಲೆ ಗಂಟು ಬಿಚ್ಚಿದಳು.

ಕ್ರಿಸ್ಮಸ್ ಬೆಳಿಗ್ಗೆ ಅವಳು ಬಾಗಿಲಿಗೆ ನಕ್ಷತ್ರದ ರಂಗೋಲಿ ಇಟ್ಟಳು. ಕರೆಯಲು ಬಂದ ಉಪದೇಶಿಗಳು ಅದನ್ನು ತುಳಿಯದೆ ಸುತ್ತಿ ಬಂದರು. ಮಗುವಿಗೆ ದೀಕ್ಷಾಸ್ನಾನವಾಯಿತು. ದೇವಾಲಯದಲ್ಲಿ ಮುನಿಯಮ್ಮ ಈಗ ನನ್ನ ಚಾಪೆಯಲ್ಲೇ ಕೂರುತ್ತಾಳೆ. ತನ್ನ ದೀಕ್ಷೆಯ ಮಾತು ಅವಳು ಎತ್ತಿಲ್ಲ, ನಾನೂ ಅವಸರ ಮಾಡುವುದಿಲ್ಲ. ಪ್ರಿಯ ವಿಶ್ವಾಸಿಗಳೇ, ನಾನು ಬಾಯಿ ತೆರೆದು ಬೇಡುವ ಮೊದಲೇ ಕರ್ತನು ಉತ್ತರವನ್ನು ನನ್ನ ಅಡುಗೆಮನೆಯ ಗಡಿಗೆಯಲ್ಲಿ ಹಿಡಿ ಹಿಡಿಯಾಗಿ ಕೂಡಿಡುತ್ತಿದ್ದನು. ಆತನಿಗೆ ಸ್ತೋತ್ರ.

ಆ ಶನಿವಾರ ಎಲ್ಲರೂ ಹೊರಟ ಮೇಲೆ ಮುಚ್ಚಿಟ್ಟ ಹಿಟ್ಟು ತೆಗೆದು ನೋಡಿದೆ. ಚೆನ್ನಾಗಿ ಹದವಾಗಿತ್ತು. ಮುನಿಯಮ್ಮ ಒಲೆ ಹಚ್ಚಿದಳು, ನಾನು ಎಣ್ಣೆಗಿಟ್ಟು ಕಜ್ಜಾಯ ತಟ್ಟತೊಡಗಿದೆ.