ಅತ್ತೆಗೆ ಹಕ್ಕಿ ತೋರಿಸಿದ್ದು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಗಂಡನಿಗೆ ತರೀಕೆರೆಯ ಮೇಲಿನ ಗುಡ್ಡದಲ್ಲಿ ಫಾರೆಸ್ಟ್ ಗಾರ್ಡ್ ಕೆಲಸ. ಕ್ವಾರ್ಟರ್ಸಿನ ಹಿಂದೆಯೇ ಕಣಿವೆ, ಹಗಲಲ್ಲೂ ಕತ್ತಲೆ ಕವಿದ ಕಾಡು. ಒಂದು ಬೇಸಿಗೆಯಲ್ಲಿ ಎಮ್ಮೆದೊಡ್ಡಿಯಿಂದ ನಮ್ಮತ್ತೆ ಬಂದು ನಮ್ಮ ಜೊತೆ ಇದ್ದರು. ಬಯಲಲ್ಲಿ ಬೆಳೆದ ಹೆಂಗಸು; ಇಲ್ಲಿ ಆಕಾಶವೇ ಕಾಣದೆ ಎದೆ ಹಿಂಡಿದ ಹಾಗಾಗುತ್ತದೆ ಅನ್ನುತ್ತಿದ್ದರು.

ಬಂದ ಮೂರನೇ ಬೆಳಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ಅಲ್ಲಾಡದೆ ನಿಂತಿದ್ದರು. ಕಣಿವೆಯೊಳಗಿಂದ ಸಿಳ್ಳೆ ಕೇಳುತ್ತಿತ್ತು. ನಿಧಾನವಾಗಿ ಏರಿ, ನಡುವೆ ತಡೆದು, ಮತ್ತೆ ಇಳಿಯುವ ಸಿಳ್ಳೆ.

"ನನ್ ತಮ್ಮ ಕಣೇ," ಅಂದರು. "ಕಾವಲಲ್ಲಿ ದನ ಮೇಯ್ಸ್ವಾಗ ಕರೆಯೋನು, ಹಿಂಗೇ."

ಆ ತಮ್ಮ ಹದಿನೆಂಟರ ಪ್ರಾಯದಲ್ಲಿ, ತಪ್ಪಿಸಿಕೊಂಡ ಹೋರಿಯನ್ನು ಹುಡುಕಿಕೊಂಡು ಗುಡ್ಡದ ಕಡೆ ಹೋದವನು ಹಿಂದಿರುಗಲೇ ಇಲ್ಲವಂತೆ. ಹೆಣ ಸಿಗದಿದ್ದರಿಂದ ಮನೆಯವರು ತಿಥಿಯನ್ನೂ ಮಾಡಿರಲಿಲ್ಲ.

ಅಂದಿನಿಂದ ಬೆಳಗಾದರೆ ಅತ್ತೆ ಕಾಡಿನ ಅಂಚಿಗೆ ಹೋಗಿ ಕೂರತೊಡಗಿದರು. ಮಡಿಲಲ್ಲಿ ರಾಗಿ ರೊಟ್ಟಿ. ಸಿಳ್ಳೆ ನಿಂತಾಗ, "ಇಲ್ಲಿದೀನಿ ಕಣೋ, ಬಾರೋ" ಅನ್ನುತ್ತಿದ್ದರು. ಅದು ಮತ್ತೆ ಶುರುವಾಗುತ್ತಿತ್ತು. ಯಾರೋ ಪೊದೆಯ ಹಿಂದೆ ನಡೆದುಹೋಗುತ್ತಿರುವಂತೆ, ನೆಲದ ಮಟ್ಟದಲ್ಲೇ ದನಿ ಜಾಗ ಬದಲಿಸುತ್ತಿತ್ತು. ಅದು ಹಕ್ಕಿಯೆಂದು ಗಂಡ ಹೇಳಿದ್ದರೂ ನಾನು ನೀರಿಗೆ ಒಬ್ಬಳೇ ಹೋಗುವುದನ್ನು ಬಿಟ್ಟೆ.

ಹತ್ತು ದಿನ ತಡೆದೆ. ಆಮೇಲೆ ಒಂದು ಬೆಳಗ್ಗೆ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋಗಿ ತೊರೆಯ ಪಕ್ಕದ ಪೊದೆಯ ಹತ್ತಿರ ಕೂರಿಸಿದೆ. ಬಹಳ ಹೊತ್ತಿನ ಮೇಲೆ ಕೊಳೆತ ಎಲೆಗಳ ಮೇಲೆ ಕುಪ್ಪಳಿಸುತ್ತಾ ಅದು ಬಂತು. ಗುಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲ. ಬೂದಿ ಬೆರೆತ ನೀಲಿ ಬೆನ್ನು, ಪಕ್ಕೆಯಲ್ಲಿ ಕಾವಿ ಬಣ್ಣ. ಕೊರಳು ಉಬ್ಬಿಸಿ ಅದೇ ಸಿಳ್ಳೆ ಹಾಕಿತು.

"ನೋಡಿ ಅತ್ತೆ, ಹಕ್ಕಿ ಅಷ್ಟೇ," ಅಂದೆ.

ಅತ್ತೆ ರೆಪ್ಪೆ ಬಡಿಯದೆ ನೋಡಿದರು. "ಇಷ್ಟೇನಾ," ಅಂದರು. ಎದ್ದು ನಿಂತು, "ನೀನ್ಯಾಕೆ ತೋರ್ಸ್ದೆ?"



ಮಾರನೇ ದಿನವೇ ಅವರು ತರೀಕೆರೆಗೆ ಇಳಿದು ಕಡೂರಿನ ಬಸ್ಸು ಹತ್ತಿದರು. ಅಮಾವಾಸ್ಯೆಗೆ ತಮ್ಮನ ಹೆಸರಲ್ಲಿ ಎಡೆ ಇಟ್ಟರೆಂದು ಆಮೇಲೆ ತಿಳಿಯಿತು. ನಮ್ಮನ್ನು ಕರೆದಿರಲಿಲ್ಲ. ಮತ್ತೆಂದೂ ಅವರು ಗುಡ್ಡ ಹತ್ತಲಿಲ್ಲ.

ಮಳೆ ಹಿಡಿಯುವವರೆಗೂ ಸಿಳ್ಳೆ ಕೇಳುತ್ತಲೇ ಇತ್ತು. ಹಕ್ಕಿಯನ್ನು ಕಣ್ಣಾರೆ ಕಂಡವಳು ನಾನು. ಆದರೂ ಒಂದು ಬೆಳಗ್ಗೆ ತಡೆಯಲಾರದೆ ಹಿತ್ತಿಲಿಗೆ ಹೋಗಿ, "ಅವ್ರಿಲ್ಲ ಕಣಪ್ಪ, ಊರಿಗ್ ಹೋದ್ರು" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ.

ಸಿಳ್ಳೆ ನಿಂತಿತು. ಅದು ಮತ್ತೆ ಶುರುವಾಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.