ಒಂದು ಸೂಜಿಗೆ ಒಂದು ಚಿತ್ರ

ಹೊಸ ಚಪ್ಪಲಿ ಮಗಳ ಹಿಮ್ಮಡಿ ಕಚ್ಚಿತ್ತು. ತರೀಕೆರೆಯ ಬಸ್‌ಸ್ಟ್ಯಾಂಡಿನಿಂದ ಟಾಕೀಸಿಗೆ ನಡೆಯುವಷ್ಟರಲ್ಲಿ ಅವಳು ಕುಂಟತೊಡಗಿದಳು. ಎದುರಿಗಿದ್ದ ಮೆಡಿಕಲ್ ಸ್ಟೋರಿನಲ್ಲಿ ಪ್ಲಾಸ್ಟರ್ ಕೇಳಿದೆ. ಈಗಿನ ಸಣ್ಣ ಪಟ್ಟಿಗಳು ಮುಗಿದಿವೆ ಎಂದು ಅಂಗಡಿಯಾಕೆ ಹಳೆಯ ಕಾಲದ ಬಿಳಿ ಸುರುಳಿಯೊಂದನ್ನು ಹುಡುಕಿ ಕೊಟ್ಟರು. ಟಾಕೀಸಿನ ಮೆಟ್ಟಿಲ ಮೇಲೆ ಕೂತು, ಹಲ್ಲಿನಲ್ಲಿ ಅಂಚು ಕಚ್ಚಿ ಎಳೆದಾಗ ಆ ವಾಸನೆ ಬಂತು. ರಬ್ಬರು, ಅಂಟು, ಸ್ವಲ್ಪ ಸೀಮೆಸುಣ್ಣ... ಅದು ನನ್ನ ಮೂಗಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ.

ನಾವು ನೋಡಲು ಬಂದಿದ್ದ ಸಿನಿಮಾ ಒಂದು ಹಳೆಯ ಕಾಮಿಕ್ಸ್ ಪುಸ್ತಕದ್ದು. ಕೆಂಪು ರುಮಾಲಿನ ಒಬ್ಬ ವೀರ, ಅವನ ಜೊತೆಗೊಂದು ಮುದಿ ಕರಡಿ. ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೇ ತೆಗೆದಿದ್ದಾರೆ, ಒಂದು ಚಿತ್ರವನ್ನೂ ಬಿಟ್ಟಿಲ್ಲ ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ನಾನು ಹೋಗಿದ್ದೇ ಅದಕ್ಕೆ. ಆ ಪುಸ್ತಕದ ಕೊನೆ ನನಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದ್ದರೆ ಅರ್ಧ ನಿಮಿಷದ ಕೆಲಸ, ಹುಡುಕಿರಲಿಲ್ಲ. ಕೊನೆಯ ಹಾಳೆಗಳಿಗೆ ಪ್ಲಾಸ್ಟರ್ ಸುತ್ತಿ ಇಟ್ಟವರೊಬ್ಬರಿದ್ದರು. ಬಿಚ್ಚಿದರೆ ಅವರೇ ಬಿಚ್ಚಬೇಕು ಅನ್ನುವುದು ನನ್ನ ತಲೆಯಲ್ಲಿ ಎಲ್ಲೋ ಉಳಿದುಬಿಟ್ಟಿತ್ತು.

ಅವರು ತರೀಕೆರೆಯ ಡಾಕ್ಟರೊಬ್ಬರ ಶಾಪಿನಲ್ಲಿ ಕಾಂಪೌಂಡರ್ ಆಗಿದ್ದರು. ಊರಿಗೆಲ್ಲ ಕಾಂಪೌಂಡರ್ ಸಾಬ್ರು.

ನಮ್ಮದು ಅಜ್ಜಂಪುರ, ಅಪ್ಪನದು ಈರುಳ್ಳಿ ಮಂಡಿ. ನನಗೆ ಎಂಟೋ ಒಂಬತ್ತೋ ವಯಸ್ಸಿದ್ದಾಗ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂತು. ಜ್ವರ ಬಿಟ್ಟ ಮೇಲೆ, ಅದು ಹೃದಯವನ್ನು ಮುಟ್ಟಿ ಹೋಗಿದೆ ಎಂದರು ಡಾಕ್ಟರು. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಒಂದು ತಪ್ಪಿದರೂ ಜ್ವರ ತಿರುಗಿ ಬರಬಹುದು, ಬಂದರೆ ಮಗು ಉಳಿಯುವುದು ಕಷ್ಟ ಎಂದು ಅಮ್ಮನಿಗೆ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಮಕ್ಕಳಿಗೆ ಬೇಗ ಕೇಳಿಸುತ್ತದೆ. ಆದರೂ ಎರಡನೇ ಸಲ ಹೋದಾಗ ನಾನು ಬಸ್ಸಿನ ಕಂಬಿ ಬಿಡಲಿಲ್ಲ. ಸಾಯುತ್ತೀನಿ ಅನ್ನುವುದಕ್ಕಿಂತ ಸೂಜಿಯ ಭಯವೇ ದೊಡ್ಡದಾಗಿತ್ತು. ಕಂಡಕ್ಟರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿದರು. ಶಾಪಿನ ಬಾಗಿಲಲ್ಲಿ ನಾನು ಮತ್ತೆ ನೆಲಕ್ಕೆ ಕೂತೆ. ಅಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡು, "ಏನ್ ಮಾಡ್ಲಿ ಸಾಬ್ರೇ ಇದನ್ನ?" ಎಂದಳು.

ಬೇಸಿಗೆಯಲ್ಲೂ ಕಂದು ಸ್ವೆಟರ್ ಹಾಕುತ್ತಿದ್ದ ಮನುಷ್ಯ ಅವರು. ಮೈಗೆ ಅತ್ತರು, ಕೈಗೆ ಸ್ಪಿರಿಟ್ಟು. ಮನೆಯಲ್ಲಿ ಉರ್ದು ಮಾತು, ನಮ್ಮ ಹತ್ತಿರ ನಮಗಿಂತ ಅಚ್ಚ ಕನ್ನಡ. ಅವತ್ತು ಅವರು ನನ್ನನ್ನು ಎತ್ತಲೂ ಇಲ್ಲ, ಗದರಿಸಲೂ ಇಲ್ಲ. ಒಳಗಿನಿಂದ ಅಂಚು ಮುದುರಿದ ಒಂದು ಕಾಮಿಕ್ಸ್ ತಂದರು. ಅದರ ಮೇಲೊಂದು ರಟ್ಟು. ಟಾನಿಕ್ ಡಬ್ಬಿಯ ರಟ್ಟನ್ನು ಬಿಡಿಸಿ, ನಡುವೆ ಬ್ಲೇಡಿನಲ್ಲಿ ಚೌಕನೆಯ ಕಿಟಕಿ ಕೊರೆದಿದ್ದರು. ರಟ್ಟನ್ನು ಪುಟದ ಮೇಲಿಟ್ಟರೆ ಕಿಟಕಿಯಲ್ಲಿ ಒಂದೇ ಒಂದು ಚಿತ್ರ ಕಾಣುವುದು. ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ.

"ಒಂದು ಸೂಜಿಗೆ ಒಂದು ಚಿತ್ರ. ಸೂಜಿ ಬ್ಯಾಡ ಅಂದ್ರೆ ಚಿತ್ರಾನೂ ಇಲ್ಲ, ಬಸ್ ಹತ್ತಿ ಹೋಗ್ತಾ ಇರು ಬೇಟಾ" ಎಂದರು.

ಕಿಟಕಿಯಲ್ಲಿ ಒಂದು ಗುಹೆಯ ಬಾಯಿ, ಕತ್ತಲೊಳಗೆ ಎರಡು ಕಣ್ಣು ಕಾಣುತ್ತಿದ್ದವು. ಯಾರ ಕಣ್ಣು ಎಂದು ಕೇಳಿದೆ. ಮುಂದಿನ ಚಿತ್ರದಲ್ಲಿ ಗೊತ್ತಾಗುತ್ತೆ ಎಂದರು. ಆ ಮುಂದಿನ ಚಿತ್ರಕ್ಕೆ ಮೂರು ವಾರ ಇತ್ತು.

ಹೀಗೆ ಶುರುವಾಯಿತು. ಮೇಜಿನ ಮೇಲೆ ಬೋರಲು ಮಲಗಿಸಿ, ಮುಖದ ಕೆಳಗೆ ಪುಸ್ತಕ, ಅದರ ಮೇಲೆ ಕಿಟಕಿ. ನಾನು ಚಿತ್ರ ನೋಡುತ್ತಿರುವಾಗ ಅವರು ಹಿಂದಿನಿಂದ ಕತೆ ಹೇಳುವರು. ಮರದಲ್ಲಿ ಎಷ್ಟು ಎಲೆ ಇದೆ, ರುಮಾಲಿನವನು ಯಾಕೆ ಎಡಗಡೆ ನೋಡುತ್ತಿದ್ದಾನೆ, ಕರಡಿಯ ಹೊಟ್ಟೆಗೆ ಇವತ್ತು ಏನು ಬಿದ್ದಿರಬಹುದು... ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಬಟ್ಟೆ ಸರಿಮಾಡಿಕೊಂಡು ಏಳುವಾಗ ಅಮ್ಮನಿಗೆ ಪ್ರತಿ ಸಲ ಅದೇ ಮಾತು. "ಚಿತ್ರ ನೋಡ್ತಾ ಈಗೇನೂ ಗೊತ್ತಾಗಲ್ಲ ತಾಯಿ. ಬಸ್ ಹತ್ತಿದ್ಮೇಲೆ ಶುರುವಾಗತ್ತೆ ನೋವು. ಮನೇಗೋಗಿ ಬಿಸ್ನೀರಲ್ಲಿ ಬಟ್ಟೆ ಅದ್ದಿ ಶಾಖ ಕೊಡಿ."

ಸುಳ್ಳಲ್ಲ. ಬಸ್ಸು ಊರಾಚೆ ಬಂದು ವೇಗ ಹಿಡಿಯುತ್ತಿದ್ದ ಹಾಗೆ ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿತ್ತು. ಅಜ್ಜಂಪುರ ಬರುವವರೆಗೆ ನಾನು ಹಲ್ಲು ಕಚ್ಚಿಕೊಂಡು ಮುಂದಿನ ಚಿತ್ರ ಯಾವುದಿರಬಹುದು ಎಂದು ಯೋಚಿಸುತ್ತಿದ್ದೆ. ಬೇರೆ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಓದಿ ಬಿಸಾಡುವ ಪುಸ್ತಕವನ್ನು ನಾನು ಪ್ರೈಮರಿಯಿಂದ ಹೈಸ್ಕೂಲು ದಾಟುವವರೆಗೆ ಓದಿದೆ. ದೊಡ್ಡವಳಾದ ಮೇಲೆ ಸೂಜಿಯ ಭಯ ಹೋಗಿತ್ತು, ಕಿಟಕಿ ಮಾತ್ರ ಬೇಕೇ ಬೇಕಿತ್ತು. ನಾನು ಬಾಯಿಬಿಟ್ಟು ಕೇಳಲಿಲ್ಲ, ಅವರು ಅದನ್ನು ಇಡುವುದು ಬಿಡಲಿಲ್ಲ.

ಪುಸ್ತಕದ ಕೊನೆಯ ಭಾಗ ದಪ್ಪಗೆ ಇತ್ತು, ಅದರ ಸುತ್ತ ಬಿಳಿ ಪ್ಲಾಸ್ಟರ್. ಅದೇನು ಎಂದು ಒಮ್ಮೆ ಕೇಳಿದ್ದೆ.

"ಗಾಯ ಆಗೈತೆ. ವಾಸಿ ಆದ್ಮೇಲೆ ಬಿಚ್ತೀನಿ."

"ಪುಸ್ತಕಕ್ಕೂ ಗಾಯ ಆಗುತ್ತಾ ಸಾಬ್ರೇ?"

"ನಿಂಗಾಗಿಲ್ವಾ? ಹೊರಗಿಂದ ನೋಡಿದ್ರೆ ಯಾರಿಗಾದ್ರೂ ಗೊತ್ತಾಗತ್ತಾ?"

ನಾನು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ.

ಪಿಯುಸಿ ಮುಗಿಯುವ ಹೊತ್ತಿಗೆ ನಾವು ತೂಗುಸೇತುವೆಯ ಚಿತ್ರಕ್ಕೆ ಬಂದಿದ್ದೆವು. ಕೆಳಗೆ ಕಮರಿ, ಒಂದು ಕಡೆಯ ಹಗ್ಗ ಹರಿದಿದೆ, ಊರ ಜನ ಸೇತುವೆಯ ಮೇಲೆ ಅರ್ಧ ದಾರಿಯಲ್ಲಿದ್ದಾರೆ. ಹರಿದ ಹಗ್ಗವನ್ನು ಮುದಿ ಕರಡಿ ಹೆಗಲ ಮೇಲೆ ಎಳೆದು ಹಿಡಿದಿದೆ. ಅದರ ಮುಂದಿನದೆಲ್ಲ ಪ್ಲಾಸ್ಟರಿನ ಒಳಗೆ. ಅದೇ ದಿನ ಡಾಕ್ಟರು ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಸಾಕು, ಇನ್ನು ಬರಬೇಕಾಗಿಲ್ಲ ಎಂದರು. ಅಮ್ಮ ಅಲ್ಲೇ ಕೈಮುಗಿದು ಅತ್ತಳು. ನಾನು ಕಾಂಪೌಂಡರ್ ಸಾಬರ ಕಡೆ ತಿರುಗಿ, "ಕರಡಿ?" ಎಂದೆ.

"ನಿಂದು ವಾಸಿ ಆಯ್ತು. ಅದರದ್ದು ಇನ್ನೂ ಆಗಿಲ್ವಲ್ಲ ಬೇಟಾ" ಎಂದು ನಕ್ಕರು.

ಅದೇ ಕೊನೆ. ಕಾಲೇಜು, ಮದುವೆ, ಕಡೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ತರೀಕೆರೆಯ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಇಳಿಯಲಿಲ್ಲ. ಹುಷಾರಾದವರು ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಅಷ್ಟೆ.

ಟಾಕೀಸು ತುಂಬಿತ್ತು. ಕೆಂಪು ಟವೆಲ್ಲು ತಲೆಗೆ ಸುತ್ತಿಕೊಂಡ ಒಂದು ದಂಡೇ ಬಂದಿತ್ತು. ರುಮಾಲಿನವನು ಮೊದಲ ಸಲ ಕಾಣಿಸಿಕೊಂಡಾಗ ಕಾಗದದ ಚೂರು ಹಾರಿದವು, ಶಿಳ್ಳೆಗೆ ಮಗಳು ಕಿವಿ ಮುಚ್ಚಿಕೊಂಡಳು. ನಮ್ಮ ಹಿಂದೆ ಕೂತ ಇಬ್ಬರು ಕಾಲೇಜು ಹುಡುಗರು ಮೊಬೈಲಿನಲ್ಲಿ ಪುಸ್ತಕ ತೆಗೆದಿಟ್ಟುಕೊಂಡು ತಾಳೆ ನೋಡುತ್ತಿದ್ದರು. "ಲೇ, ಗುಹೆ ನೋಡೋ! ಅದೇ ಕಲ್ಲು ಕಣೋ, ಅದೇ ನೆರಳು!" ಮುಂದಿನ ಸಾಲಿನ ಮುದುಕರೊಬ್ಬರು ಮಾತ್ರ, "ಚಿತ್ರದಾಗಿದ್ದಿದ್ದೇ ತೆಗೆಯೋಕೆ ಇಷ್ಟು ಜನ ಬೇಕಿತ್ತೇನಪ್ಪಾ" ಎಂದು ಗೊಣಗಿದರು. ಅವರಿಗೂ ಒಂದಷ್ಟು ನಗು ಬಿತ್ತು.

ಹುಡುಗರು ಹೇಳಿದ್ದು ನಿಜ. ಒಂದು ಗೆರೆಯೂ ಬದಲಾಗಿರಲಿಲ್ಲ. ಆದರೆ ಅವರೆಲ್ಲ ಕತೆ ನೋಡುತ್ತಿದ್ದರು, ನನಗೆ ಕತೆ ಕಾಣಲೇ ಇಲ್ಲ. ಆ ಕಲ್ಲು ಬಂದಾಗ ಅಮ್ಮನ ಹಸಿರು ಸೀರೆ, ಆ ಮರ ಬಂದಾಗ ಮೇಜಿನ ರೆಕ್ಸಿನ್ನಿನ ತಂಪು, ರುಮಾಲಿನವನು ಎಡಕ್ಕೆ ತಿರುಗಿದಾಗ ಅರ್ಧವಾರ್ಷಿಕ ಪರೀಕ್ಷೆಯ ದಿನ... ಒಂದೊಂದೇ ಸರಿದು ಹೋಗುತ್ತಿದ್ದವು. ನನಗೆ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ಸೂಜಿ ಹಾಕಿದ ಜಾಗದ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು.

ಸೇತುವೆ ಬಂತು. ಹಗ್ಗ ಹರಿಯಿತು. ಕರಡಿ ಹೆಗಲು ಕೊಟ್ಟಿತು. ಇಲ್ಲಿಂದ ಮುಂದೆ ಪ್ಲಾಸ್ಟರು ಎಂದುಕೊಂಡೆ. ಜನ ಒಬ್ಬೊಬ್ಬರಾಗಿ ದಾಟಿದರು, ಕೊನೆಯ ಕೂಸು ದಾಟಿತು, ಕರಡಿ ಹಗ್ಗದ ಸಮೇತ ಕಮರಿಗೆ ಬಿತ್ತು. ರುಮಾಲಿನವನು ರುಮಾಲು ಬಿಚ್ಚಿ ಕೆಳಗೆ ಬಿಟ್ಟ. ಶಿಳ್ಳೆ ಹಾಕುತ್ತಿದ್ದ ದಂಡಿನವರು ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ಮಗಳು ನನ್ನ ತೋಳು ಹಿಡಿದು ಬಿಕ್ಕುತ್ತಿದ್ದಳು. ಆಗ ಬಾಲ್ಕನಿಯಿಂದ ಒಂದು ದಪ್ಪ ದನಿ ಕೇಳಿಸಿತು.

"ಸುಳ್ಳು! ಇದು ಸುಳ್ಳು ಕಣ್ರೋ! ಕರಡಿ ಸಾಯಲ್ಲ!"

ಟಾಕೀಸೆಲ್ಲ ನಕ್ಕಿತು. ಕೂತ್ಕೊಳಣ್ಣಾ ಎಂದು ಯಾರೋ ಕೂಗಿದರು. ಹಿಂದಿನ ಹುಡುಗರಲ್ಲಿ ಒಬ್ಬ ಎದ್ದು ನಿಂತು, "ಬುಕ್ಕಲ್ಲೂ ಸಾಯುತ್ತೆ ಅಣ್ಣಾ, ಬೇಕಾದ್ರೆ ನೋಡಿಲ್ಲಿ" ಎಂದು ಮೊಬೈಲು ಎತ್ತಿ ಹಿಡಿದ. ದನಿ ಮತ್ತೆ ಕೇಳಲಿಲ್ಲ.

ಹೊರಗೆ ಬಂದಾಗ ಆ ದಪ್ಪ ದನಿಯ ಮನುಷ್ಯ ಮೆಟ್ಟಿಲ ಪಕ್ಕದಲ್ಲಿ ನಿಂತು, ಸುಳ್ಳು, ಸುಳ್ಳು ಎಂದು ಇನ್ನೂ ಗೊಣಗುತ್ತಿದ್ದರು. ನನ್ನ ವಯಸ್ಸಿನವರೇ, ದೊಡ್ಡ ಆಳು, ಅತ್ತು ಕಣ್ಣು ಕೆಂಪಾಗಿತ್ತು. ನನ್ನ ಹಾಗೆ ಪುಸ್ತಕದ ಕೊನೆ ನೋಡದವರು ಇರಬೇಕು ಅನ್ನಿಸಿ, ಹೋಗಿ ಕೇಳಿಯೇಬಿಟ್ಟೆ. "ನಿಮಗೆ ಇಂಜೆಕ್ಷನ್ ಕೊಟ್ಟಿದ್ದು ಕಾಂಪೌಂಡರ್ ಸಾಬ್ರಾ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಹೂಂ ಅಕ್ಕಾ. ಹೊಟ್ಟೆಗೆ. ನಾಯಿ ಕಚ್ಚಿತ್ತು ನಂಗೆ. ದಿನಾ ಲಿಂಗದಹಳ್ಳಿಯಿಂದ ಬರ್ತಿದ್ದೆ. ನಿಮ್ಗೂ ಕಿಟಕಿ ಇಡ್ತಿದ್ರಾ?"

ಅಲ್ಲೇ ನಿಂತು ಅವರು ಹೇಳಿದ್ದಿಷ್ಟು. ಸಾಬರು ಸೂಜಿ ಕುದಿಸಲು ಒಳಗೆ ಹೋದಾಗ ಇವರು ತಡೆಯಲಾರದೆ ಪ್ಲಾಸ್ಟರ್ ಕಿತ್ತು ನೋಡಿದ್ದರಂತೆ. ಒಳಗೆ ಟಾನಿಕ್ ಬಾಟಲಿಯ ಜೊತೆ ಬರುವ ಚೀಟಿಗಳು, ಮಡಿಸಿ ದಪ್ಪ ಮಾಡಿ ಇಟ್ಟಿದ್ದವು. ಕತೆಯ ಹಾಳೆ ಒಂದೂ ಇರಲಿಲ್ಲ.

"ರದ್ದಿ ಪೇಪರ್ ಜೊತೆ ಬಂದಿದ್ದಂತೆ ಆ ಬುಕ್ಕು. ಔಷಧಿ ಪುಡಿ ಕಟ್ಟೋಕೆ ಅಂತ ಹಿಂದ್ಗಡೆಯಿಂದ ಹರ್ಕೊಂಡು ಬಂದವ್ರೆ. ಆಮೇಲೆ ಚಿತ್ರ ನೋಡವ್ರೆ. ಅಷ್ಟೊತ್ಗೆ ಕೊನೇ ಹಾಳೆಗಳೆಲ್ಲ ಯಾರ್ಯಾರದೋ ಮನೆ ಸೇರಿದ್ವು. ಅವ್ರಿಗೇ ಗೊತ್ತಿರ್ಲಿಲ್ಲ ಅಕ್ಕಾ, ಕರಡಿ ಏನಾಯ್ತು ಅಂತ. ಯಾರಿಗೂ ಹೇಳ್ಬ್ಯಾಡ ಕಣಪ್ಪಾ, ಹುಡುಗ್ರು ಬರೋದು ಬಿಟ್ಬಿಡ್ತವೆ ಅಂದ್ರು. ನೀನೇ ಹೇಳು, ಏನಾಗ್ಬೇಕು ಅಂದ್ರು. ಬದುಕ್ಬೇಕು ಅಂದೆ. ಹಂಗೇ ಆಗ್ಲಿ ಬಿಡು ಅಂದ್ರು."

ಸಾಬರು ಕರಡಿಯ ಮರಣವನ್ನು ಮುಚ್ಚಿಟ್ಟಿದ್ದರು ಎಂದು ನಾನು ಸಿನಿಮಾ ನೋಡುತ್ತಲೇ ತೀರ್ಮಾನ ಮಾಡಿಕೊಂಡಿದ್ದೆ. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡಲು ಅವರ ಹತ್ತಿರ ಏನೂ ಇರಲಿಲ್ಲ.

"ಅವ್ರನ್ನೂ ಕರ್ಕೊಂಡು ಬರಬಹುದಿತ್ತು" ಎಂದೆ.

"ಕರ್ಕೊಂಡು ಬತ್ತೀನಿ ಅಂತ ಮಾತು ಕೊಟ್ಟಿದ್ದೆ. ಸಿನಿಮಾ ಮಾಡ್ತಾವ್ರೆ ಅಂತ ಗೊತ್ತಾದ ದಿನವೇ ಹೋಗಿ ಹೇಳ್ದೆ. ಹಾಸಿಗೆ ಹಿಡಿದಿದ್ರು. ನನ್ ಕೈ ಹಿಡ್ಕೊಂಡು, ಬದುಕತ್ತಲ್ವೇನಪ್ಪಾ ಕರಡಿ ಅಂದ್ರು. ಹೂಂ ಸಾಬ್ರೇ, ಬದುಕತ್ತೆ ಅಂದೆ... ರಂಜಾನ್ ಮುಗಿದ ವಾರ ಹೋಗ್ಬಿಟ್ರು." ಅವರು ಟಾಕೀಸಿನ ಮೇಲಿನ ದೊಡ್ಡ ಪೋಸ್ಟರ್ ಕಡೆ ಒಮ್ಮೆ ನೋಡಿದರು. "ಸುಳ್ಳು ಹೇಳಿ ಕಳಿಸ್ದಂಗಾಯ್ತಲ್ಲಕ್ಕಾ."

ಸಮಾಧಾನದ ಮಾತು ನನಗೆ ಬರುವುದಿಲ್ಲ. ಹಂಗೇ ಆಗ್ಲಿ ಬಿಡು ಅಂತ ಅವರು ನಿಮಗೆ ಹೇಳಿದ್ದೂ ಅದೇ ಅಲ್ವಾ, ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಸಾಬರು ತೀರಿಹೋದ ಸುದ್ದಿ ಕೇಳಿ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಮಗಳಿಗೆ ಕಡ್ಲೆಕಾಯಿ ಕೊಡಿಸಿದೆ.

ಅವತ್ತು ನಾವು ಕಡೂರಿಗಲ್ಲ, ಅಮ್ಮನನ್ನು ನೋಡಲು ಅಜ್ಜಂಪುರಕ್ಕೆ ಹೊರಟಿದ್ದೆವು. ಕಿಟಕಿಯ ಪಕ್ಕ ಕೂತ ಮಗಳು ಕಾಲು ಮೇಲೆತ್ತಿ ಹಿಮ್ಮಡಿಯ ಪ್ಲಾಸ್ಟರನ್ನು ಉಗುರಿನಲ್ಲಿ ಎಬ್ಬಿಸುತ್ತಿದ್ದಳು.

"ಅಮ್ಮಾ, ನೋವೇ ಇಲ್ಲ ಈಗ. ತೆಗೀಲಾ?"

"ಸಿನಿಮಾ ನೋಡ್ತಾ ಗೊತ್ತಾಗಲ್ಲ ಕಣೇ, ಬಸ್ ಹತ್ತಿದ್ಮೇಲೆ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಬಸ್ಸು ಊರಾಚೆ ಬಂದು ವೇಗ ಹಿಡಿದಿತ್ತು. ಮುಂದಿನ ಸೀಟಿನ ಕಂಬಿ ನನ್ನ ಕೈಯಲ್ಲಿತ್ತು, ಯಾವಾಗ ಹಿಡಿದೆನೋ ತಿಳಿಯದು. ಸಾಬರು ಇನ್ನಿಲ್ಲ. ಮಗಳು ಏನಮ್ಮಾ, ಏನಮ್ಮಾ ಎಂದು ನನ್ನ ಬೆರಳು ಬಿಡಿಸುತ್ತಲೇ ಇದ್ದಳು. ಅಜ್ಜಂಪುರ ಬರುವವರೆಗೂ ನನ್ನ ಅಳು ನಿಲ್ಲಲಿಲ್ಲ.